ಮಷಿನ್ ವಾಪಸ್ ಕೊಡಲು ಹೋದಾಗ 3,700 ರೂಪಾಯಿ ಹಿಡಿದರು: ನನ್ನ ಅನುಭವ

ಕೆಟ್ಟ ಹೊಲಿಗೆ ಮಷಿನ್ ವಾಪಸ್ ಕೊಡಲು ಹೋದಾಗ ಅಂಗಡಿಯವರು ಕೌಂಟರ್ ಮೇಲೆ ಒಂದು ಹಳದಿ ಚೀಟಿ ಇಟ್ಟು, "ಇಲ್ಲೊಂದು ಸೈನ್ ಹಾಕಿ ಮೇಡಂ, ಹದಿನಾಲ್ಕು ಸಾವಿರದ ಎಂಟುನೂರು ಈಗಲೇ ಕೊಡ್ತೀವಿ" ಅಂದರು. ನಾನು ಕೊಟ್ಟಿದ್ದು 18,500 ರೂಪಾಯಿ. ಉಳಿದ 3,700 ಎಲ್ಲಿ ಅಂತ ಕೇಳಿದೆ. "ಅದು ರೀಸ್ಟಾಕಿಂಗ್ ಚಾರ್ಜ್, 20 ಪರ್ಸೆಂಟ್. ಎಲ್ಲರಿಗೂ ಅಷ್ಟೇ." ಅಂದರೆ ವಾಪಸ್ ಬಂದ ಮಾಲನ್ನು ಮತ್ತೆ ಮಾರಾಟಕ್ಕೆ ಇಡುವ ಖರ್ಚು ಅಂತ ಹಿಡಿಯುವ ಹಣ.

ಹನುಮಂತನಗರದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಹದಿನಾಲ್ಕು ವರ್ಷವಾಯಿತು. ಒಂದು ಬ್ಲೌಸ್ ಹೊಲಿದರೆ ನನ್ನ ಕೈಗೆ ಎಷ್ಟು ಉಳಿಯುತ್ತೆ ಅಂತ ನನಗೆ ಗೊತ್ತು. 3,700 ಅಂದರೆ ಎಷ್ಟು ದಿನದ ಕೆಲಸ ಅಂತಾನೂ ಗೊತ್ತು. ಅದಕ್ಕೇ ಸೈನ್ ಹಾಕಲಿಲ್ಲ. ಆಮೇಲೆ ಏನು ಮಾಡಿದೆ ಅನ್ನೋದನ್ನು ಇಲ್ಲಿ ಬರೆಯುತ್ತಿದ್ದೇನೆ. ಯಾಕಂದ್ರೆ ಪೇಟೆಯಲ್ಲಿ ಇಂಥ ಚೀಟಿಗೆ ಸೈನ್ ಹಾಕಿ ಸುಮ್ನೆ ಮನೆಗೆ ಬಂದವರು ನನಗೆ ಗೊತ್ತಿರುವವರಲ್ಲೇ ಬೇಕಾದಷ್ಟು ಜನ ಇದ್ದಾರೆ.

ನಾನು ಕೊಂಡಿದ್ದು ಓವರ್‌ಲಾಕ್ ಮಷಿನ್. ಬಟ್ಟೆಯ ಅಂಚು ಬಿಚ್ಚಿಕೊಳ್ಳದ ಹಾಗೆ ಸುತ್ತಿ ಹೊಲಿಯುವ ಮಷಿನ್ ಅದು. ದಸರೆಗೆ ಮುಂಚೆ, ಚಿಕ್ಕಪೇಟೆ ಕಡೆಯ ಒಂದು ಅಂಗಡಿಯಲ್ಲಿ ತೆಗೆದುಕೊಂಡೆ. ಶಿಫಾನ್‌ನಿಂದ ಜೀನ್ಸ್‌ವರೆಗೆ ಎಲ್ಲದಕ್ಕೂ ನಡೆಯುತ್ತೆ ಅಂತ ಡಬ್ಬದ ಮೇಲೇ ಬರೆದಿತ್ತು. ಅಂಗಡಿಯವರು ಒಂದು ದಪ್ಪ ಕಾಟನ್ ತುಂಡಿನ ಮೇಲೆ ಹೊಲಿದು ತೋರಿಸಿದರು. ಚೆನ್ನಾಗಿ ಬಂತು.

ಮನೆಗೆ ತಂದ ನಾಲ್ಕನೇ ದಿನ ಒಂದು ಶಿಫಾನ್ ಸೀರೆಯ ಬ್ಲೌಸ್ ಬಂತು. ಅಂಚು ಹೊಡೆದು ನೋಡಿದರೆ ಐದಾರು ಹೊಲಿಗೆಗೆ ಒಂದು ಬಿಟ್ಟುಹೋಗಿದೆ. ಸೂಜಿ ಬದಲಾಯಿಸಿದೆ. ದಾರ ಬದಲಾಯಿಸಿದೆ. ದಾರದ ಟೆನ್ಷನ್ ಸಡಿಲ ಮಾಡಿದೆ, ಬಿಗಿ ಮಾಡಿದೆ. ಏನೂ ಪ್ರಯೋಜನವಾಗಲಿಲ್ಲ. ಇದು ಯಾಕೆ ಹೀಗಾಗುತ್ತೆ ಅಂತ ಹೊಲಿಯುವವರಿಗೆ ಗೊತ್ತಿರುತ್ತೆ. ಸೂಜಿ ಕೆಳಗೆ ಹೋಗಿ ಮೇಲೆ ಬರುವಾಗ ಅದರ ಹಿಂದೆ ದಾರದ ಒಂದು ಸಣ್ಣ ಕುಣಿಕೆ ಆಗುತ್ತೆ. ಅದೇ ಹೊತ್ತಿಗೆ ಕೆಳಗಿನ ಲೂಪರ್ ಅನ್ನುವ ಕೊಕ್ಕೆ ಬಂದು ಆ ಕುಣಿಕೆಯನ್ನು ಹಿಡಿಯಬೇಕು. ಕೂದಲೆಳೆಯಷ್ಟು ಆಚೀಚೆ ಆದರೂ ಹೊಲಿಗೆ ತಪ್ಪುತ್ತೆ. ದಪ್ಪ ಬಟ್ಟೆಯಲ್ಲಿ ಅದು ಕಾಣಿಸದೇ ಹೋಗಬಹುದು. ತೆಳು ಬಟ್ಟೆಯಲ್ಲಿ ಮುಚ್ಚಿಡೋಕಾಗಲ್ಲ. ಅಂಗಡಿಯ ಮೆಕ್ಯಾನಿಕ್ ಎರಡು ಸಲ ಬಂದು ಲೂಪರ್ ಟೈಮಿಂಗ್ ಸರಿ ಮಾಡಿ ಹೋದರು. ಎರಡು ಸಲವೂ ಮಾರನೇ ದಿನ ಮತ್ತೆ ಅದೇ ಕಥೆ.

ಆವಾಗ ನಾನು ಮಾಡಿದ ಒಂದು ಕೆಲಸ ಕೊನೆಯವರೆಗೂ ನನ್ನ ಕೈ ಹಿಡಿಯಿತು. ಬಿಳಿ ಬಟ್ಟೆಯ ಉದ್ದನೆಯ ಪಟ್ಟಿ ಕತ್ತರಿಸಿ, ಕೆಂಪು ದಾರ ಹಾಕಿ ಹೊಲಿದೆ. ಬಿಟ್ಟುಹೋದ ಜಾಗ ಎದ್ದು ಕಾಣುತ್ತಿತ್ತು. ಪ್ರತಿ ಸಲ ಮೆಕ್ಯಾನಿಕ್ ಬಂದು ಹೋದ ಮೇಲೆ ಇನ್ನೊಂದು ಪಟ್ಟಿ ಹೊಲಿದು, ಮೇಲೆ ಪೆನ್ನಿನಲ್ಲಿ ತಾರೀಕು ಬರೆದೆ. ಮಷಿನ್ ಓಡುವಾಗ ಮಗಳು ಮೊಬೈಲಿನಲ್ಲಿ ವಿಡಿಯೊ ತೆಗೆದಳು.

ಹನ್ನೆರಡನೇ ದಿನ ಮಷಿನನ್ನು ಆಟೊದಲ್ಲಿ ಹಾಕಿಕೊಂಡು ಅಂಗಡಿಗೆ ಹೋದೆ. ಆವಾಗಲೇ ಆ ಹಳದಿ ಚೀಟಿ ಬಂದದ್ದು.

ಚೀಟಿಯನ್ನು ನಿಧಾನವಾಗಿ ಓದಿದೆ. ವಾಪಸಾತಿಗೆ ಕಾರಣ ಅನ್ನುವ ಸಾಲಿನ ಎದುರು ಮೊದಲೇ ಅಚ್ಚಾಗಿತ್ತು: ಕಸ್ಟಮರ್ ರಿಕ್ವೆಸ್ಟ್. ಅಂದರೆ ಗ್ರಾಹಕರು ತಾವಾಗಿ ಬೇಡ ಅಂದರು ಅಂತ. ಬೇರೆ ಕಾರಣ ಬರೆಯಲು ಜಾಗವೇ ಇರಲಿಲ್ಲ. ನನ್ನ ಪ್ರಕಾರ ಇಡೀ ವಿಷಯದ ಗಂಟು ಇರುವುದು ಈ ಒಂದು ಸಾಲಿನಲ್ಲಿ. ಮನಸ್ಸು ಬದಲಾಗಿ ವಾಪಸ್ ಕೊಡುವುದು ಬೇರೆ, ಮಾಲು ಕೆಟ್ಟಿದೆ ಅಂತ ವಾಪಸ್ ಕೊಡುವುದು ಬೇರೆ. ನಾನು ಅದಕ್ಕೆ ಸೈನ್ ಹಾಕಿದ್ದರೆ, ಕೆಟ್ಟ ಮಷಿನ್ ಕೊಟ್ಟ ತಪ್ಪು ಅವರಿಂದ ನನ್ನ ತಲೆಗೆ ಬರುತ್ತಿತ್ತು.

"ದೋಷ ಇದೆ, ಅದಕ್ಕೇ ವಾಪಸ್ ಅಂತ ಬರೆದುಕೊಡಿ" ಅಂದೆ. ಆಗಲ್ಲ ಅಂದರು. ಬರೆದುಕೊಡದೆ ಮಷಿನ್ ಅಲ್ಲಿ ಬಿಡಲು ನನಗೆ ಮನಸ್ಸಾಗಲಿಲ್ಲ. ಮತ್ತೆ ಆಟೊ ಹಿಡಿದು ಮನೆಗೆ ತಂದೆ. ಹೋಗಿ ಬರಲು 700 ರೂಪಾಯಿ ಖರ್ಚು. ಬೇಜಾರಾಯಿತು, ನಿಜ. ಆದರೆ ರಸೀದಿ ಇಲ್ಲದೆ ಮಾಲು ಬಿಟ್ಟು ಬರಬೇಡಿ ಅಂತ ಈಗ ಎಲ್ಲರಿಗೂ ಹೇಳುತ್ತೇನೆ.

ಅವತ್ತು ಸಂಜೆ ಅಂಗಡಿಯ ವಾಟ್ಸಾಪ್ ನಂಬರಿಗೆ ಒಂದು ಮೆಸೇಜ್ ಹಾಕಿದೆ. ಜಗಳದ ಮಾತು ಒಂದೂ ಇಲ್ಲ. "ಹೊಲಿಗೆ ಬಿಡುವ ದೋಷಕ್ಕಾಗಿ ಇಂದು ಮಷಿನ್ ವಾಪಸ್ ತಂದಿದ್ದೆ. ನೀವು 3,700 ರೂಪಾಯಿ ಹಿಡಿದುಕೊಳ್ಳುತ್ತೇವೆ ಅಂದಿರಿ. ಇದು ಸರಿಯೇ, ತಿಳಿಸಿ." ಹತ್ತು ನಿಮಿಷಕ್ಕೆ ಉತ್ತರ ಬಂತು: "ಹೌದು ಮೇಡಂ, ಪಾಲಿಸಿ ಅದೇ." ನನಗೆ ಬೇಕಾಗಿದ್ದು ಅಷ್ಟೇ. ಬಾಯಲ್ಲಿ ಹೇಳಿದ್ದು ಈಗ ಬರಹದಲ್ಲಿ ಸಿಕ್ಕಿತು.

ಆಮೇಲೆ ಬಿಲ್ ತೆಗೆದೆ. ಮುಂದೆ ನೋಡಿದೆ, ಹಿಂದೆ ನೋಡಿದೆ. ರೀಸ್ಟಾಕಿಂಗ್ ಅನ್ನುವ ಪದವೇ ಇಲ್ಲ. ಹಿಂದುಗಡೆ ಸಣ್ಣ ಅಕ್ಷರದಲ್ಲಿ "ಮಾರಿದ ಮಾಲು ವಾಪಸ್ ಇಲ್ಲ" ಅಂತ ಮಾತ್ರ ಇತ್ತು. ಅಂಗಡಿಯ ಗೋಡೆ ಮೇಲೂ ಯಾವ ಬೋರ್ಡೂ ಇರಲಿಲ್ಲ. ನನ್ನ ಭಾವನ ಮಗ ಅಮೆರಿಕದಲ್ಲಿದ್ದಾನೆ. ಅಲ್ಲಿ ಇದು ಹಳೆಯ ರೂಢಿಯಂತೆ. ಪ್ಯಾಕೆಟ್ ಒಡೆದು ವಾಪಸ್ ಕೊಟ್ಟರೆ 15 ಪರ್ಸೆಂಟ್ ಹಿಡಿದುಕೊಳ್ಳುವ ಅಂಗಡಿಗಳಿವೆ ಅಂದ. ಮಾಲನ್ನು ಮತ್ತೆ ಪರೀಕ್ಷಿಸಿ, ಪ್ಯಾಕ್ ಮಾಡಿ, ಕಪಾಟಿಗೆ ಇಡುವ ಖರ್ಚು ಅದು. ಆದರೆ ಕೆಟ್ಟ ಮಷಿನನ್ನು ಯಾರೂ ಕಪಾಟಿಗೆ ವಾಪಸ್ ಇಡಬಾರದು, ಅಲ್ವಾ? ಹಾಗಿದ್ದ ಮೇಲೆ ಆ ಖರ್ಚು ಎಲ್ಲಿಂದ ಬಂತು?

ಮಗಳು ಬಿಕಾಂ ಓದುತ್ತಿದ್ದಾಳೆ. ಇಬ್ಬರೂ ಕೂತು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಓದಿದೆವು. ಇದು 1986ರ ಹಳೇ ಕಾಯ್ದೆಯ ಜಾಗದಲ್ಲಿ 2020ರ ಜುಲೈನಲ್ಲಿ ಜಾರಿಗೆ ಬಂದದ್ದು. ಅದರ 2ನೇ ಸೆಕ್ಷನ್ನಿನ 47ನೇ ಅಂಶ ನಮಗೆ ಬೇಕಾಗಿದ್ದು. ದೋಷ ಇರುವ ಮಾಲನ್ನು ವಾಪಸ್ ತೆಗೆದುಕೊಂಡು ಹಣ ಕೊಡಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ ಅಂತ ಅಲ್ಲಿದೆ. ಬಿಲ್ಲಿನಲ್ಲಿ ಅವಧಿ ಬರೆದಿದ್ದರೆ ಅದರೊಳಗೆ, ಬರೆದಿಲ್ಲದಿದ್ದರೆ 30 ದಿನದೊಳಗೆ ಕೊಡಬೇಕು. ಬಿಲ್ ಕೊಡದೇ ಇರುವುದೂ ಅದೇ ಪಟ್ಟಿಯಲ್ಲಿದೆ. ಹಾಗಾಗಿ, ದಯವಿಟ್ಟು, ಎರಡು ರೂಪಾಯಿ ಕಮ್ಮಿ ಆಗುತ್ತೆ ಅಂತ ಬಿಲ್ ಬೇಡ ಅನ್ನಬೇಡಿ.

ಇನ್ನೊಂದು ಮಾತನ್ನೂ ನೇರವಾಗಿ ಹೇಳಬೇಕು. ಬಣ್ಣ ಇಷ್ಟ ಆಗಲಿಲ್ಲ, ಮನೆಯಲ್ಲಿ ಬೇಡ ಅಂದರು ಅಂತ ವಾಪಸ್ ಕೊಡುವ ಹಕ್ಕನ್ನು ಈ ಕಾಯ್ದೆ ಕೊಡುವುದಿಲ್ಲ. ಅದು ಅಂಗಡಿಯವರ ಪಾಲಿಸಿಗೆ ಬಿಟ್ಟಿದ್ದು. ಮೊದಲೇ ಹೇಳಿ, ಬಿಲ್ಲಿನಲ್ಲಿ ಬರೆದು ಒಂದಿಷ್ಟು ಹಿಡಿದುಕೊಂಡರೆ ನನಗೆ ತಪ್ಪು ಅನ್ನಿಸುವುದಿಲ್ಲ. ನನ್ನ ನಾದಿನಿ ಒಂದು ಮಿಕ್ಸಿ ಕೊಂಡು, ದೊಡ್ಡದಾಯ್ತು ಅಂತ ವಾಪಸ್ ಕೊಟ್ಟಳು. ಹತ್ತು ಪರ್ಸೆಂಟ್ ಹಿಡಿದರು. ಬಿಲ್ಲಿನಲ್ಲಿ ಬರೆದಿತ್ತು. "ಕೊಟ್ಟುಬಿಡು, ಅವರದ್ದೂ ನ್ಯಾಯ" ಅಂತ ನಾನೇ ಹೇಳಿದೆ.

ಮಾರನೇ ದಿನ 1915ಕ್ಕೆ ಫೋನ್ ಮಾಡಿದೆ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ವಿವರ ಕೇಳಿಕೊಂಡು ಒಂದು ಡಾಕೆಟ್ ನಂಬರ್, ಅಂದರೆ ದೂರಿನ ಗುರುತಿನ ನಂಬರ್, ಕೊಟ್ಟರು. ಅವರು ದೂರನ್ನು ಅಂಗಡಿಗೆ ಕಳಿಸಿ ಉತ್ತರ ಕೇಳುತ್ತಾರೆ, ಆದೇಶ ಮಾಡುವ ಅಧಿಕಾರ ಅವರಿಗಿಲ್ಲ. ನನ್ನ ವಿಷಯದಲ್ಲಿ ಒಂದು ವಾರ ಅಂಗಡಿಯಿಂದ ಏನೂ ಬರಲಿಲ್ಲ. ಆದರೂ ಆ ನಂಬರ್ ಮುಂದೆ ಬರೆದ ಕಾಗದಕ್ಕೆ ತೂಕ ಕೊಟ್ಟಿತು.

ಕಾಗದ ಕನ್ನಡದಲ್ಲೇ ಬರೆದೆ, ಒಂದೂವರೆ ಪುಟ. ಬಿಲ್ ನಂಬರ್, ತಾರೀಕು, ಕೊಟ್ಟ ಹಣ, ದೋಷ ಏನು, ಮೆಕ್ಯಾನಿಕ್ ಬಂದ ಎರಡು ದಿನ, ವಾಪಸ್ ತಂದ ದಿನ, ವಾಟ್ಸಾಪಿನ ಉತ್ತರ, ಡಾಕೆಟ್ ನಂಬರ್. ಕೊನೆಯಲ್ಲಿ, 15 ದಿನದಲ್ಲಿ ಪೂರ್ತಿ 18,500 ಕೊಡದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ ಅಂತ ಬರೆದೆ. ಗ್ರಾಹಕರ ದೂರು ವಿಚಾರಿಸಿ ತೀರ್ಪು ಕೊಡುವ ಜಾಗ ಅದು. ಕೆಂಪು ದಾರದ ಮೂರು ಪಟ್ಟಿಯಲ್ಲೂ ಒಂದೊಂದು ಚೂರು ಕತ್ತರಿಸಿ ಕಾಗದಕ್ಕೆ ಪಿನ್ ಹೊಡೆದೆ. ಉಳಿದದ್ದನ್ನು ನನ್ನ ಹತ್ತಿರ ಇಟ್ಟುಕೊಂಡೆ. ಬಸವನಗುಡಿ ಪೋಸ್ಟ್ ಆಫೀಸಿನಿಂದ ಸ್ಪೀಡ್ ಪೋಸ್ಟ್ ಮಾಡಿ, ರಸೀದಿಯನ್ನು ಬಿಲ್ಲಿನ ಜೊತೆ ಸೇರಿಸಿದೆ.

ಕಾದು ಕೂರಲಿಲ್ಲ. ಆಯೋಗಕ್ಕೆ ಕೊಡುವ ದೂರನ್ನೂ ತಯಾರು ಮಾಡಿದೆವು. ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗಕ್ಕೆ ಹೋಗಬಹುದು. 5 ಲಕ್ಷದವರೆಗೆ ಶುಲ್ಕವೇ ಇಲ್ಲ. ವಕೀಲರು ಬೇಕೇ ಬೇಕು ಅಂತಿಲ್ಲ. ಎರಡು ವರ್ಷದೊಳಗೆ ಹಾಕಬೇಕು. ಅಂಗಡಿ ಎಲ್ಲೇ ಇರಲಿ, ನಾವು ಇರುವ ಊರಲ್ಲೇ ಹಾಕಬಹುದು. ಈಗ ಇ-ಜಾಗೃತಿ ಅನ್ನುವ ಪೋರ್ಟಲ್ ಇದೆ, 2025ರ ಜನವರಿಯಿಂದ. ಮನೆಯಿಂದಲೇ ಹಾಕಬಹುದು. ನಾನು ಒಮ್ಮೆ ಕಣ್ಣಲ್ಲಿ ನೋಡಿ ಬರೋಣ ಅಂತ ಶಾಂತಿನಗರ ಬಸ್ ನಿಲ್ದಾಣದ ಕಟ್ಟಡದಲ್ಲಿರುವ ಆಯೋಗಕ್ಕೂ ಹೋಗಿದ್ದೆ. ಮೂರು ತಿಂಗಳಲ್ಲಿ, ಲ್ಯಾಬ್ ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತ ಕಾಯ್ದೆ ಹೇಳುತ್ತೆ. ಅಲ್ಲಿ ಬೆಂಚಿನ ಮೇಲೆ ಕೂತಿದ್ದವರು ಅದಕ್ಕಿಂತ ಜಾಸ್ತಿ ಕಾದಿದ್ದರು. ಆದ್ದರಿಂದ ಕಾಗದದಲ್ಲೇ ಮುಗಿದರೆ ಒಳ್ಳೆಯದು ಅನ್ನುವ ಆಸೆ ನನಗೂ ಇತ್ತು.

ಕಾಗದ ಹೋಗಿ ಒಂಬತ್ತನೇ ದಿನಕ್ಕೆ ಅಂಗಡಿಯ ಮಾಲೀಕರೇ ಫೋನ್ ಮಾಡಿದರು. ಮೊದಲ ಮಾತು, "ನೀವು ಬಿಸಿನೆಸ್‌ಗೆ ತಗೊಂಡಿದ್ದು, ನಿಮಗೆ ಗ್ರಾಹಕರ ಕಾನೂನು ಅನ್ವಯಿಸಲ್ಲ." ಇದಕ್ಕೆ ನಾವು ತಯಾರಾಗಿದ್ದೆವು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವುದಕ್ಕಷ್ಟೇ ಕೊಂಡ ವಸ್ತುವನ್ನು ವಾಣಿಜ್ಯ ಉದ್ದೇಶ ಅಂತ ಎಣಿಸುವುದಿಲ್ಲ ಅಂತ ಅದೇ ಕಾಯ್ದೆಯಲ್ಲಿ ವಿವರಣೆ ಇದೆ. ನನ್ನ ಹತ್ತಿರ ಆಳುಗಳಿಲ್ಲ, ಮಷಿನ್ ತುಳಿಯುವುದು ನಾನೇ. ಮನೆಯಲ್ಲಿ ಕೂತು ಟೈಲರಿಂಗ್ ಮಾಡುವವರು, ಸ್ವಂತ ಆಟೊ ಓಡಿಸುವವರು ಈ ಮಾತನ್ನು ನೆನಪಿಟ್ಟುಕೊಳ್ಳಿ.

ಎರಡನೇ ಮಾತು ಜಿಎಸ್‌ಟಿಯದ್ದು. "ನಾವು ಟ್ಯಾಕ್ಸ್ ಕಟ್ಟಾಗಿದೆ, ಅದು ನಮಗೆ ವಾಪಸ್ ಬರಲ್ಲ" ಅಂದರು. ಮಾಲು ವಾಪಸ್ ಬಂದಾಗ ಅಂಗಡಿಯವರು ಕ್ರೆಡಿಟ್ ನೋಟ್, ಅಂದರೆ ಬಿಲ್ಲಿನ ಮೊತ್ತ ಕಳೆಯುವ ಚೀಟಿ, ಮಾಡಿ ಆ ತೆರಿಗೆಯನ್ನು ತಮ್ಮ ಲೆಕ್ಕದಲ್ಲಿ ಕಳೆದುಕೊಳ್ಳಬಹುದು. ಮಗಳು ಫೋನ್ ತೆಗೆದುಕೊಂಡು ಅಷ್ಟನ್ನೂ ಹೇಳಿದಳು. ನಾನು ಯುಪಿಐನಲ್ಲಿ ಹಣ ಕೊಟ್ಟಿದ್ದರಿಂದ ಕಾರ್ಡ್ ಚಾರ್ಜಿನ ಮಾತೂ ಬರಲಿಲ್ಲ.

ಸ್ವಲ್ಪ ಹೊತ್ತು ಆ ಕಡೆ ಮಾತಿಲ್ಲ. ಆಮೇಲೆ ಅವರೇ, "ಆ ಬಟ್ಟೆ ಚೂರು ನೋಡಿದೆ ಅಮ್ಮ. ಮಷಿನ್ ಕಳಿಸಿ" ಅಂದರು. ಎರಡು ದಿನ ಬಿಟ್ಟು ಅವರ ಹುಡುಗನೇ ಬಂದು ಮಷಿನ್ ತೆಗೆದುಕೊಂಡು ಹೋದ. ಹೋಗುವ ಮುಂಚೆ, ದೋಷದ ಕಾರಣಕ್ಕೆ ವಾಪಸ್ ಅಂತ ಬರೆದ ರಸೀದಿ ಕೊಟ್ಟ. ಸಂಜೆ ಹೊತ್ತಿಗೆ 18,500 ಖಾತೆಗೆ ಬಂತು. ಆಟೊದ 700 ನಾನು ಕೇಳಲಿಲ್ಲ. ಕೇಳಬಹುದಿತ್ತು. ಆದರೆ ಹಬ್ಬದ ಬ್ಲೌಸುಗಳು ರಾಶಿ ಬಿದ್ದಿದ್ದವು, ನನಗೆ ಮುಗಿದರೆ ಸಾಕಾಗಿತ್ತು.

ಆನ್‌ಲೈನಲ್ಲಿ ಕೊಂಡವರಿಗೆ 2020ರ ಇ-ಕಾಮರ್ಸ್ ನಿಯಮಗಳಿವೆ. ದೋಷ ಇದ್ದರೆ, ಜಾಹೀರಾತಿನಲ್ಲಿ ಹೇಳಿದ ಹಾಗೆ ಇಲ್ಲದಿದ್ದರೆ ಮಾರುವವರು ವಾಪಸ್ ತೆಗೆದುಕೊಳ್ಳಲೇಬೇಕು. ಆರ್ಡರ್ ಕ್ಯಾನ್ಸಲ್ ಮಾಡಿದ್ದಕ್ಕೆ ನಮ್ಮಿಂದ ಹಣ ಹಿಡಿಯಬೇಕಾದರೆ, ಅವರು ಕ್ಯಾನ್ಸಲ್ ಮಾಡಿದಾಗ ಅವರೂ ಅಂಥದ್ದೇ ಚಾರ್ಜ್ ಹೊರಬೇಕು. ದೂರು ಕೊಟ್ಟರೆ 48 ಗಂಟೆಯೊಳಗೆ ಸಿಕ್ಕಿದೆ ಅಂತ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು.

ಇದೆಲ್ಲ ಆದ ಮೇಲೆ ನನ್ನ ಬಿಲ್ ಪುಸ್ತಕವನ್ನೂ ಬದಲಾಯಿಸಿದೆ. ಅಳತೆ ತಪ್ಪಿದರೆ ಸರಿ ಮಾಡಿಕೊಡುವುದಕ್ಕೆ ಹಣವಿಲ್ಲ, ಕತ್ತರಿಸಿದ ಮೇಲೆ ಡಿಸೈನ್ ಬೇರೆ ಬೇಕು ಅಂದರೆ ಲೈನಿಂಗ್ ಬಟ್ಟೆಯ ಹಣ ಕೊಡಬೇಕು ಅಂತ ಬಿಲ್ಲಿನ ಮುಂಭಾಗದಲ್ಲೇ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದೇನೆ. ಬಟ್ಟೆ ತೆಗೆದುಕೊಳ್ಳುವಾಗ ಅದನ್ನು ಓದಿಯೂ ಹೇಳುತ್ತೇನೆ.

ಹೊಸ ಓವರ್‌ಲಾಕ್ ಮಷಿನನ್ನು ದೀಪಾವಳಿ ಆದ ಮೇಲೆ ಬೇರೆ ಅಂಗಡಿಯಲ್ಲಿ ಕೊಂಡೆ. ಹೋಗುವಾಗ ಬ್ಯಾಗಿನಲ್ಲಿ ಶಿಫಾನ್, ಕ್ರೇಪ್, ಜೀನ್ಸ್ ಚೂರುಗಳು, ಒಂದು ಉಂಡೆ ಕೆಂಪು ದಾರ ಇದ್ದವು. ಮೂರನ್ನೂ ನಾನೇ ಹೊಲಿದು, ಬೆಳಕಿಗೆ ಹಿಡಿದು ನೋಡಿ, ಆಮೇಲೆ ಹಣ ಕೊಟ್ಟೆ.