ಎಸ್‌ಆರ್ ಪುಸ್ತಕ ನೋಡಿ ಎಷ್ಟು ವರ್ಷವಾಯಿತು? ತಾಳೆ ನೋಡುವುದು ಹೀಗೆ

ತುಟ್ಟಿಭತ್ಯೆ ಹೆಚ್ಚಾದ ಸುದ್ದಿ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ನಿಮಿಷದೊಳಗೆ ಓಡುತ್ತದೆ. ಆದೇಶದ ಪ್ರತಿ ಎಲ್ಲರ ಮೊಬೈಲಿನಲ್ಲೂ ಇರುತ್ತದೆ. ಆದರೆ ತಮ್ಮ ವೇತನ, ರಜೆ ಎಲ್ಲ ಸೇವಾ ಪುಸ್ತಕದಲ್ಲಿ, ಅಂದರೆ ಎಸ್‌ಆರ್‌ನಲ್ಲಿ, ಸರಿಯಾಗಿ ದಾಖಲಾಗಿದೆಯಾ ಎಂದು ನೋಡುವವರು ಬಹಳ ಕಡಿಮೆ. ಮಲೆನಾಡಿನ ಸ್ಥಳೀಯ ಸಂಸ್ಥೆಗಳ ಸಿಬ್ಬಂದಿ ಶಾಖೆಯಲ್ಲಿ ಕೆಲಸ ಮಾಡಿದ ನಾನು ಇದನ್ನು ಹತ್ತಿರದಿಂದ ಕಂಡಿದ್ದೇನೆ. ನಿವೃತ್ತಿಗೆ ಆರು ತಿಂಗಳು ಇರುವಾಗ ಪುಸ್ತಕ ತೆಗೆಸುತ್ತಾರೆ. ಆಗ ಒಂದು ವೇತನ ಬಡ್ತಿ ಕಾಣುವುದಿಲ್ಲ, ಒಂದು ರಜೆ ಎರಡು ಸಲ ಖರ್ಚಾಗಿರುತ್ತದೆ, ಸಹಿ ಹಾಕಬೇಕಿದ್ದ ಅಧಿಕಾರಿ ವರ್ಗವಾಗಿ ಹೋಗಿರುತ್ತಾರೆ. ಹಾಗಾಗಿ ಈಗಲೇ ನೋಡಿ.

ಇದು ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳ ಕಾಯಂ ನೌಕರರಿಗಾಗಿ ಬರೆದದ್ದು. ಗ್ರಾಮ ಪಂಚಾಯಿತಿಯ ಬಿಲ್ ಕಲೆಕ್ಟರ್, ನೀರುಗಂಟಿ, ಡೇಟಾ ಎಂಟ್ರಿ ಆಪರೇಟರ್‌ಗಳ ವಿಚಾರ ಸ್ವಲ್ಪ ಬೇರೆ. ಅವರು ಮೊದಲು ಮಾಡಬೇಕಾದ್ದು, ನೇಮಕದ ಸಭಾ ನಡವಳಿ ಮತ್ತು ಜಿಲ್ಲಾ ಪಂಚಾಯಿತಿ ಅನುಮೋದನೆಯ ಪ್ರತಿಯನ್ನು ಕೈಗೆ ತೆಗೆದುಕೊಳ್ಳುವುದು.

1. ಪುಸ್ತಕ ಕೇಳುವುದು

ಜನವರಿ ಅಥವಾ ಫೆಬ್ರವರಿ ಒಳ್ಳೆಯ ಕಾಲ. ಹಿಂದಿನ ವರ್ಷದ ರಜೆ ಲೆಕ್ಕ ಮುಗಿದಿರುತ್ತದೆ, ಮಾರ್ಚ್ ತಿಂಗಳ ಬಿಲ್ಲಿನ ಗಡಿಬಿಡಿ ಶುರುವಾಗಿರುವುದಿಲ್ಲ. ನೌಕರರಿಗೆ ವರ್ಷಕ್ಕೊಮ್ಮೆ ಪುಸ್ತಕ ತೋರಿಸಿ ಸಹಿ ಪಡೆಯಬೇಕು ಎಂಬ ನಿಯಮವೇ ಇದೆ. ಆದ್ದರಿಂದ ಸಂಕೋಚ ಬೇಡ. "ಸಾರ್, ಒಂದ್ಸಲ ನನ್ನ ಎಸ್‌ಆರ್ ನೋಡ್ಬೇಕಿತ್ತು" ಅಂದರೆ ಹೆಚ್ಚಿನ ವಿಷಯ ನಿರ್ವಾಹಕರು ತೋರಿಸುತ್ತಾರೆ. ಎರಡು ಸಲ ಕೇಳಿಯೂ ಸಿಗದಿದ್ದರೆ ಕಚೇರಿ ಮುಖ್ಯಸ್ಥರಿಗೆ ಮನವಿ ಕೊಡಿ. ಅದಕ್ಕೂ ಆಗದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಪ್ರತಿ ಕೇಳಬಹುದು, ಪುಟಕ್ಕೆ 2 ರೂಪಾಯಿ ಆಗುತ್ತದೆ. ಶುರುವಿನಲ್ಲೇ ಈ ದಾರಿ ಹಿಡಿಯಬೇಡಿ. ದಿನಾ ಮುಖ ನೋಡುವ ಸಹೋದ್ಯೋಗಿಯ ಜೊತೆ ಸುಮ್ನೆ ಮನಸ್ತಾಪ ಯಾಕೆ?

2. ಮೊದಲ ಪುಟ

ಹೆಸರು, ಇನಿಷಿಯಲ್, ಹುಟ್ಟಿದ ದಿನಾಂಕ ಮೂರೂ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಂತೆ ಇರಲಿ. ನಮ್ಮ ಕಡೆ ಮನೆಯಲ್ಲಿ ಮಂಜಪ್ಪ, ಅಂಕಪಟ್ಟಿಯಲ್ಲಿ ಮಂಜುನಾಥ, ಆಧಾರ್‌ನಲ್ಲಿ ಇನ್ನೊಂದು ಎಂಬುದು ಸಾಮಾನ್ಯ. ಆಧಾರ್ ತಿದ್ದಿಸುವುದು ಸುಲಭ, ಅದನ್ನೇ ತಿದ್ದಿಸಿ. ಹುಟ್ಟಿದ ದಿನಾಂಕದ ವಿಷಯದಲ್ಲಿ ಹೊಸಬರು ತಡಮಾಡಲೇಬಾರದು. 1974ರ ವಯಸ್ಸು ನಿರ್ಧಾರ ಕಾಯ್ದೆಯ ಪ್ರಕಾರ ಪುಸ್ತಕದಲ್ಲಿ ದಾಖಲಾದ 3 ವರ್ಷದೊಳಗೆ ಬದಲಾವಣೆ ಕೇಳಬೇಕು. ಆಮೇಲೆ ಕೇಳಿದರೆ ಆಗುವುದಿಲ್ಲ.

3. ವೇತನ ನಿಗದಿ

ರಾಜ್ಯದ 7ನೇ ವೇತನ ಆಯೋಗದ ಲೆಕ್ಕವನ್ನು ನೀವೇ ಮಾಡಿ ನೋಡಬಹುದು. 1-7-2022ರಂದು ಇದ್ದ ಮೂಲ ವೇತನಕ್ಕೆ ಶೇ. 31 ತುಟ್ಟಿಭತ್ಯೆ, ಶೇ. 27.5 ಫಿಟ್‌ಮೆಂಟ್ (ಪರಿಷ್ಕರಣೆಯ ಹೆಚ್ಚಳ) ಸೇರಿಸಿ. ಅಂದರೆ 1.585ರಿಂದ ಗುಣಿಸಿದರಾಯಿತು. ಬಂದ ಮೊತ್ತಕ್ಕೆ ಹೊಸ ಶ್ರೇಣಿಯಲ್ಲಿ ಅದರ ಮೇಲಿನ ಹಂತ ನಿಮ್ಮದು. 17,000 ಇದ್ದವರಿಗೆ 26,945 ಬರುತ್ತದೆ, ನಿಗದಿಯಾಗುವುದು 27,000. 21,400 ಇದ್ದವರಿಗೆ 33,919 ಬರುತ್ತದೆ, ನಿಗದಿ 34,100. ಅಲ್ಲಿಂದ ಮುಂದಿನ ವೇತನ ಬಡ್ತಿಗಳನ್ನು ಒಂದೊಂದಾಗಿ ಸೇರಿಸುತ್ತಾ ಬನ್ನಿ. ಹೆಚ್ಚಾದ ಹಣ ಕೈಗೆ ಬಂದದ್ದು 1-8-2024ರಿಂದ. ಅದಕ್ಕೆ ಮುಂಚಿನದು ಕಾಗದದ ಮೇಲಿನ ಲೆಕ್ಕ ಮಾತ್ರ. ಆದರೆ ಆ ಲೆಕ್ಕದಲ್ಲಿ ತಪ್ಪಾದರೆ ಮುಂದಿನ ಪ್ರತಿ ತಿಂಗಳೂ ತಪ್ಪೇ.

ಗುಂಪುಗಳಲ್ಲಿ ಹರಿದಾಡುವ ಎಕ್ಸೆಲ್ ಹಾಳೆಗಳನ್ನು ನಂಬಬೇಡಿ. ಕೆಲವು ಹತ್ತಿರದ ಹಂತಕ್ಕೆ ತಂದು ನಿಲ್ಲಿಸುತ್ತವೆ, ಮೇಲಿನ ಹಂತಕ್ಕೆ ಹೋಗುವುದಿಲ್ಲ. ಕ್ಯಾಲ್ಕುಲೇಟರ್ ಮತ್ತು ವೇತನ ಶ್ರೇಣಿಯ ಪಟ್ಟಿ ಸಾಕು.

4. ರಜೆ ಖಾತೆ

ಎಲ್ಲರೂ ಎಡವುವುದು ಇಲ್ಲಿ. ಪುಸ್ತಕದ ಕೊನೆಯ ಹಾಳೆಗಳಲ್ಲಿರುತ್ತದೆ, ಅಕ್ಷರ ಸಣ್ಣದು, ನೋಡಲು ಬೇಜಾರು. ಆದರೆ ನಿವೃತ್ತಿಯ ದಿನ ಇದು ನಗದಾಗುವ ಖಾತೆ. ಮೂಲ ವೇತನ 60,000 ಇರುವವರಿಗೆ 10 ದಿನದ ಗಳಿಕೆ ರಜೆ (ಇಎಲ್) ತಪ್ಪಿದರೆ ಮೂಲ ವೇತನದ ಲೆಕ್ಕದಲ್ಲೇ 20,000 ರೂಪಾಯಿ ಹೋಯಿತು. ತುಟ್ಟಿಭತ್ಯೆ ಬೇರೆ.

ಒಂದು ಬಿಳಿ ಹಾಳೆ ತೆಗೆದುಕೊಂಡು ಸೇವೆಗೆ ಸೇರಿದ ದಿನದಿಂದ ನೀವೇ ಖಾತೆ ಬರೆಯಿರಿ. ಪುಸ್ತಕದ ಶಿಲ್ಕನ್ನು ನೋಡಿಕೊಂಡು ಬರೆಯಬೇಡಿ, ಅದರ ತಪ್ಪು ನಿಮ್ಮ ಹಾಳೆಗೂ ಬರುತ್ತದೆ. ಗಳಿಕೆ ರಜೆ ಜನವರಿ 1ಕ್ಕೆ 15, ಜುಲೈ 1ಕ್ಕೆ 15 ದಿನ ಜಮಾ. ಸೇರಿದ ವರ್ಷ ತುಂಬಿದ ತಿಂಗಳಿಗೆ ಎರಡೂವರೆ ದಿನ. ಉದಾಹರಣೆಗೆ ಜನವರಿ 1ರ ಮುಂಚೆ 142 ಇತ್ತು ಎಂದುಕೊಳ್ಳಿ. 15 ಸೇರಿ 157. ಫೆಬ್ರವರಿಯಲ್ಲಿ 9 ದಿನ ಹಾಕಿದರೆ 148. ಜುಲೈ 1ಕ್ಕೆ 163. ವರ್ಷಕ್ಕೊಮ್ಮೆಯ 15 ದಿನದ ನಗದೀಕರಣ ಪಡೆದರೆ ಮತ್ತೆ 148. ಹೀಗೆ ಸಾಲು ಸಾಲಾಗಿ ಬರೆದು, ಕೊನೆಗೆ ಪುಸ್ತಕದ ಜೊತೆ ತಾಳೆ ನೋಡಿ. ವ್ಯತ್ಯಾಸ ಬಂದರೆ ಈ ಜಾಗಗಳಲ್ಲಿ ಹುಡುಕಿ.

ಮೊದಲನೆಯದು ಅರ್ಧಕ್ಕೆ ವಾಪಸಾದ ರಜೆ. ಅಡಿಕೆ ಕೊನೆಕೊಯ್ಲಿಗೆಂದು 15 ದಿನ ರಜೆ ಹಾಕಿರುತ್ತೀರಿ. ಚುನಾವಣೆ ಕೆಲಸಕ್ಕೆ ಕರೆ ಬರುತ್ತದೆ, 6ನೇ ದಿನಕ್ಕೇ ಹಾಜರಾಗುತ್ತೀರಿ. ಮಂಜೂರಾತಿ ಆದೇಶ ನೋಡಿ 15 ಕಳೆಯುವವರು, ಉಳಿದ ರಜೆ ರದ್ದಾದ ಆದೇಶ ಇಲ್ಲದಿದ್ದರೆ ವಾಪಸ್ ಸೇರಿಸುವುದಿಲ್ಲ. ಹಾಜರಾದ ದಿನವೇ ರದ್ದತಿಗೆ ಅರ್ಜಿ ಕೊಡಿ, ಆದೇಶ ಮಾಡಿಸಿ. ನಾನು ನೋಡಿದ ವ್ಯತ್ಯಾಸಗಳಲ್ಲಿ ಇದೇ ಜಾಸ್ತಿ.

ಭಾನುವಾರಗಳನ್ನೂ ನೋಡಿ. ರಜೆಯ ಹಿಂದಿನ ಮತ್ತು ಮುಂದಿನ ಸಾರ್ವತ್ರಿಕ ರಜಾದಿನಗಳನ್ನು ಬಳಸಿಕೊಳ್ಳಲು ಅನುಮತಿ ಪಡೆದಿದ್ದರೆ ಅವು ಖರ್ಚಿಗೆ ಬರಬಾರದು. ನಡುವೆ ಬಂದವು ಮಾತ್ರ ಲೆಕ್ಕಕ್ಕೆ ಸೇರುತ್ತವೆ. ಸೋಮವಾರದಿಂದ ಶನಿವಾರದವರೆಗಿನ 6 ದಿನದ ರಜೆಗೆ 8 ಕಳೆದ ಪುಸ್ತಕಗಳಿವೆ. ಅರ್ಜಿಯಲ್ಲಿ ಆ ಅನುಮತಿ ಕೇಳುವ ಒಂದು ಸಾಲು ಬರೆಯುವುದನ್ನು ಮರೆಯಬೇಡಿ.

ಇನ್ನು ವರ್ಗಾವಣೆಯಾದ ವರ್ಷ. ಹೊಸನಗರದಿಂದ ಸಾಗರಕ್ಕೆ ಜೂನ್ ಕೊನೆಯಲ್ಲಿ ವರ್ಗವಾಯಿತು ಎಂದುಕೊಳ್ಳಿ. ಜುಲೈ 1ರ 15 ದಿನವನ್ನು ಆ ಕಚೇರಿ ಬರೆಯುತ್ತದೆ ಎಂದು ಈ ಕಚೇರಿ ಬಿಡುತ್ತದೆ, ಈ ಕಚೇರಿ ಬರೆಯುತ್ತದೆ ಎಂದು ಆ ಕಚೇರಿ. ಕೆಲವೊಮ್ಮೆ ಎರಡೂ ಕಡೆ ಬರೆದಿರುತ್ತಾರೆ. ಜಾಸ್ತಿ ಬಂದದ್ದನ್ನೂ ಹೇಳಿ ತಿದ್ದಿಸಿ, ನಿವೃತ್ತಿಯಾದ ಮೇಲೆ ವಸೂಲಿಗೆ ಬಂದರೆ ಕಷ್ಟ.

ಕಾಯಿಲೆಯ ರಜೆಯನ್ನು ಬೇರೆಯಾಗಿ ನೋಡಬೇಕು. ಅರ್ಧ ವೇತನ ರಜೆಗೆ ವರ್ಷಕ್ಕೆ 20 ದಿನ ಜಮಾ ಆಗುತ್ತದೆ. ವೈದ್ಯರ ಪ್ರಮಾಣಪತ್ರ ಕೊಟ್ಟು 10 ದಿನ ಪರಿವರ್ತಿತ ರಜೆ (ಪೂರ್ಣ ವೇತನದ್ದು) ತೆಗೆದುಕೊಂಡರೆ ಆ ಖಾತೆಯಿಂದ 20 ದಿನ ಕಳೆಯುತ್ತದೆ. ಮಂಗನ ಕಾಯಿಲೆಯ ಜ್ವರ ಬಂದು ವಾರಗಟ್ಟಲೆ ಮಲಗಿದವರು ಪರಿವರ್ತಿತ ರಜೆಯನ್ನೇ ಕೇಳಿರುತ್ತಾರೆ, ಪುಸ್ತಕದಲ್ಲಿ ಖರ್ಚಾಗಿರುವುದು ಗಳಿಕೆ ರಜೆ. ಹೆರಿಗೆ ರಜೆಯ 180 ದಿನ ಯಾವ ಖಾತೆಯಿಂದಲೂ ಕಳೆಯಬಾರದು. ಹೆಣ್ಣುಮಕ್ಕಳು ಇದನ್ನು ವಿಶೇಷವಾಗಿ ನೋಡಿಕೊಳ್ಳಿ.

ಗಳಿಕೆ ರಜೆಯ ಮಿತಿ 300 ದಿನ. ಅದರ ಹತ್ತಿರ ಬಂದವರು ರಜೆಯನ್ನು ಕೂಡಿಡುವುದರಲ್ಲಿ ಅರ್ಥವಿಲ್ಲ. ಹಾಕಿಕೊಂಡು ಮನೆಯವರ ಜೊತೆ ಇರಿ.

5. ನಾಮನಿರ್ದೇಶನ

ಮದುವೆಗೆ ಮುಂಚೆ ಅಪ್ಪನ ಹೆಸರು ಕೊಟ್ಟವರು ಹೊಸದಾಗಿ ಕೊಡಿ. ಸೇವಾ ಪುಸ್ತಕ, ಕೆಜಿಐಡಿ (ಸರ್ಕಾರಿ ವಿಮೆ) ಪಾಲಿಸಿ, ಎನ್‌ಪಿಎಸ್ (ಹೊಸ ಪಿಂಚಣಿ) ಖಾತೆ ಮೂರೂ ಬೇರೆ ಬೇರೆ. ಒಂದರಲ್ಲಿ ಬದಲಿಸಿದರೆ ಇನ್ನೊಂದರಲ್ಲಿ ತಾನಾಗಿ ಬದಲಾಗುವುದಿಲ್ಲ. 1-4-2006ರಂದು ಅಥವಾ ಆಮೇಲೆ ಸೇರಿದವರಲ್ಲಿ ಹೆಚ್ಚಿನವರು ಎನ್‌ಪಿಎಸ್‌ನವರು, ಪ್ರಾನ್ (ಎನ್‌ಪಿಎಸ್ ಸಂಖ್ಯೆ) ಖಾತೆಯೊಳಗೆ ಹೋಗಿ ನೋಡಿ.

6. ತಿದ್ದಿಸುವುದು

ಮನವಿಯನ್ನು ಎರಡು ಪ್ರತಿ ಮಾಡಿ. ಯಾವ ಪುಟ, ಯಾವ ಸಾಲು, ಏನಿದೆ, ಏನಿರಬೇಕು, ಆಧಾರವಾದ ಆದೇಶದ ಸಂಖ್ಯೆ ಯಾವುದು, ಇಷ್ಟೇ ಬರೆಯಿರಿ. ಒಂದು ಪ್ರತಿಯ ಮೇಲೆ ಟಪಾಲು ವಿಭಾಗದ ಮೊಹರು, ಸಂಖ್ಯೆ, ದಿನಾಂಕ ಹಾಕಿಸಿಕೊಳ್ಳಿ. ಬಾಯಲ್ಲಿ ಹೇಳಿ ಬಂದರೆ ಲೆಕ್ಕಕ್ಕಿಲ್ಲ.

ಪುಸ್ತಕದಲ್ಲಿ ವೈಟ್ನರ್ ಹಚ್ಚಲು ಬಿಡಲೇಬೇಡಿ. ನಮ್ಮ ಮಳೆಗಾಲದ ತೇವಕ್ಕೆ ಅದು ಹಪ್ಪಳದಂತೆ ಎದ್ದು ಬರುತ್ತದೆ, ಕೆಳಗಿನ ಅಂಕಿ ಇಣುಕುತ್ತದೆ, ಪಿಂಚಣಿ ಕಡತ ಆಕ್ಷೇಪಣೆಯೊಂದಿಗೆ ವಾಪಸ್ ಬರುತ್ತದೆ. ತಪ್ಪಿನ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಅಧಿಕಾರಿ ದಿನಾಂಕ ಸಮೇತ ಸಹಿ ಮಾಡಬೇಕು. ಜೆಲ್ ಪೆನ್ನೂ ಬೇಡ, ಒದ್ದೆಯಾದರೆ ಹರಡುತ್ತದೆ. ಬಾಲ್ ಪೆನ್ನೇ ಒಳ್ಳೆಯದು.

ತಿದ್ದಿದ ಪುಟದ ಜೆರಾಕ್ಸ್ ಅವತ್ತೇ ತೆಗೆದುಕೊಳ್ಳಿ. ಮೊಬೈಲಿನ ಫೋಟೊ ಒಂದನ್ನೇ ನಂಬಬೇಡಿ. ಮನೆಯಲ್ಲಿಡುವ ಪ್ರತಿಗೆ ಪ್ಲಾಸ್ಟಿಕ್ ಕವರ್ ಹಾಕಬೇಡಿ, ಲ್ಯಾಮಿನೇಷನ್ ಬೇಡವೇ ಬೇಡ. ಒಳಗೆ ತೇವ ನಿಂತು ಬೂಷ್ಟು ಹಿಡಿಯುತ್ತದೆ. ಸ್ಟೇಪ್ಲರ್ ಪಿನ್ನು ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ, ದಾರದ ಟ್ಯಾಗ್ ಹಾಕಿ. ರಟ್ಟಿನ ಫೈಲಿನಲ್ಲಿಟ್ಟು, ಎರಡು ನುಸಿಗುಳಿಗೆ ಹಾಕಿ, ಗೋಡೆಗೆ ತಾಗದ ಕಪಾಟಿನಲ್ಲಿಡಿ. ಎಚ್‌ಆರ್‌ಎಂಎಸ್ ಎಂಬ ಆನ್‌ಲೈನ್ ವೇತನ ವ್ಯವಸ್ಥೆಯಲ್ಲಿ ಸಂಬಳ ಆಗುವವರು ಮುಂದಿನ ತಿಂಗಳ ವೇತನ ಚೀಟಿ ತೆಗೆದು ಮೂಲ ವೇತನ ಮತ್ತು ಹುಟ್ಟಿದ ದಿನಾಂಕ ನೋಡಿ. ಪುಸ್ತಕದಲ್ಲಿ ಸರಿಯಾಗಿದ್ದು ಅಲ್ಲಿ ಹಳೆಯದೇ ಉಳಿದಿದ್ದರೆ, ಅದಕ್ಕೆ ಇನ್ನೊಂದು ಮನವಿ ಬೇಕು.