ದೊಡ್ಡ ಕಂಪನಿ ಕಾರ್ಯಕ್ರಮಕ್ಕೆ ಬಂದೋಬಸ್ತ್: ಬಾಗಿಲಿನ ಹೊರಗಿನಿಂದ ಶುರು ಮಾಡಿ

ಹೂಡಿಕೆದಾರರ ಸಮಾವೇಶ, ವಾರ್ಷಿಕ ಮಹಾಸಭೆ, ಹೊಸ ಉತ್ಪನ್ನದ ಬಿಡುಗಡೆ. ಇಂಥದ್ದೊಂದು ಕಾರ್ಯಕ್ರಮದ ಭದ್ರತೆ ನಿಮ್ಮ ಹೆಗಲಿಗೆ ಬಿತ್ತು ಅಂದುಕೊಳ್ಳಿ. ಎಲ್ಲರೂ ಮೊದಲು ಕೇಳುವುದು ಒಂದೇ ಪ್ರಶ್ನೆ: ‘ಎಷ್ಟು ಜನ ಗಾರ್ಡ್ ಬೇಕು?’ ನಿಜ ಹೇಳಬೇಕೆಂದರೆ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಗಾರ್ಡ್‌ಗಳು ಎಲ್ಲಿ ನಿಲ್ಲಬೇಕು, ಏನನ್ನು ನೋಡಬೇಕು, ಕಂಡದ್ದನ್ನು ಯಾರಿಗೆ ಹೇಳಬೇಕು ಎಂಬುದು ಗೊತ್ತಾಗುವ ತನಕ ಸಂಖ್ಯೆಗೆ ಅರ್ಥವಿಲ್ಲ.

ಇನ್ನೊಂದು ವಿಷಯ. ಸಭಾಂಗಣದ ಒಳಗೆ ನಾವು ಹತ್ತಾರು ಜನರನ್ನು ನಿಲ್ಲಿಸುತ್ತೇವೆ. ಅನಾಹುತ ಆಗುವುದು ಹೆಚ್ಚಾಗಿ ಅದರ ಅಂಚಿನಲ್ಲಿ. ಕಾರಿನಿಂದ ಬಾಗಿಲಿಗೆ ಇರುವ ನಾಲ್ಕು ಹೆಜ್ಜೆ, ಸಾಮಾನು ಇಳಿಸುವ ಹಿಂಬಾಗಿಲು, ತಪಾಸಣೆಗೆ ಮುಂಚಿನ ಸರದಿ, ಕಾರ್ಯಕ್ರಮ ಮುಗಿದು ಜನ ಹೊರಬರುವ ಹೊತ್ತು. ಯೋಜನೆಯೂ ಅಲ್ಲಿಂದಲೇ ಶುರುವಾಗಬೇಕು.

ಮೊದಲು ಒಂದು ಹಾಳೆ ಪೆನ್ನು

ಏನನ್ನು ಕಾಪಾಡಬೇಕು ಎಂದು ಬರೆಯಿರಿ. ಜನರ ಪ್ರಾಣ ಮೊದಲು, ಅದರಲ್ಲಿ ಚರ್ಚೆಯಿಲ್ಲ. ಆಮೇಲೆ ವೇದಿಕೆ ಹತ್ತುವ ಗಣ್ಯರು, ಇನ್ನೂ ಹೊರಗೆ ಗೊತ್ತಾಗಬಾರದ ಮಾಹಿತಿ, ಪ್ರದರ್ಶನಕ್ಕಿಟ್ಟ ವಸ್ತು. ಕಂಪನಿಯ ಹೆಸರು ಕೊನೆಗೆ.

ಪಕ್ಕದಲ್ಲಿ, ಯಾರಿಂದ ತೊಂದರೆ ಆಗಬಹುದು ಎಂದು ಬರೆಯಿರಿ. ಭಯೋತ್ಪಾದಕರನ್ನು ಮಾತ್ರ ನೆನೆಸಿಕೊಂಡರೆ ಸಾಲದು. ಕೆಲಸದಿಂದ ತೆಗೆದುಹಾಕಿದ ಸಿಟ್ಟಿನ ನೌಕರ, ಘೋಷಣೆ ಕೂಗಲು ಬರುವ ಹೋರಾಟಗಾರ, ಲ್ಯಾಪ್‌ಟಾಪ್ ಎತ್ತಿಕೊಂಡು ಹೋಗುವ ಕಳ್ಳ, ಆಹ್ವಾನವಿಲ್ಲದೆ ನುಗ್ಗುವವನು, ಗುಟ್ಟು ಕದಿಯಲು ಬರುವ ಪ್ರತಿಸ್ಪರ್ಧಿಯ ಕಡೆಯವನು, ಇವರೆಲ್ಲ ಪಟ್ಟಿಯಲ್ಲಿರಬೇಕು. ಬೆಂಕಿ, ನೂಕುನುಗ್ಗಲು, ಹೃದಯಾಘಾತಕ್ಕೆ ಯಾರ ಕೆಟ್ಟ ಉದ್ದೇಶವೂ ಬೇಕಿಲ್ಲ. ಆದರೂ ಅವು ಇದೇ ಪಟ್ಟಿಗೆ ಸೇರುತ್ತವೆ.

ಪ್ರತಿಯೊಂದರ ಮುಂದೆ ಎರಡು ಅಂಕ ಹಾಕಿ. ಆಗುವ ಸಾಧ್ಯತೆ ಎಷ್ಟು, ಆದರೆ ಹಾನಿ ಎಷ್ಟು, ಒಂದರಿಂದ ಐದರೊಳಗೆ. ಎರಡನ್ನೂ ಗುಣಿಸಿ. ಇದೇನೂ ಮಹಾ ವಿಜ್ಞಾನವಲ್ಲ. ಆದರೆ ಹಣ ಮತ್ತು ಜನರನ್ನು ಎಲ್ಲಿ ಹಾಕಬೇಕು ಎಂಬ ವಾದ ಬಂದಾಗ ಈ ಹಾಳೆ ನಿಮ್ಮ ಕೈ ಹಿಡಿಯುತ್ತದೆ. ಷೇರುದಾರರ ಸಭೆಯಲ್ಲಿ ಪ್ರತಿಭಟನೆಗೆ ಜಾಸ್ತಿ ಅಂಕ ಬರಬಹುದು. ಉತ್ಪನ್ನ ಬಿಡುಗಡೆಯಲ್ಲಿ ಮಾಹಿತಿ ಸೋರಿಕೆಗೆ ಬರಬಹುದು. ಹೋದ ವರ್ಷದ ಯೋಜನೆಗೆ ದಿನಾಂಕ ಬದಲಿಸಿ ಮತ್ತೆ ಬಳಸುವ ಅಭ್ಯಾಸ ಇಲ್ಲೇ ಕೈಕೊಡುವುದು.

ಜಾಗವನ್ನು ಕಾಲಿನಿಂದ ನೋಡಿ

ನಕ್ಷೆ ನೋಡಿದರೆ ಸಾಲದು. ಕಾರ್ಯಕ್ರಮ ನಡೆಯುವ ವಾರದ ಅದೇ ದಿನ, ಅದೇ ಹೊತ್ತಿಗೆ ಹೋಗಿ. ರಸ್ತೆಯಿಂದ ಶುರು ಮಾಡಿ, ಅತಿಥಿ ಬರುವ ದಾರಿಯಲ್ಲೇ ಒಳಗೆ ನಡೆಯಿರಿ. ಆಮೇಲೆ ಅಡುಗೆಯವರು ಬರುವ ದಾರಿ. ಆಮೇಲೆ ಲೈಟು, ಸೌಂಡಿನವರು ಬರುವ ದಾರಿ. ಕೆಲಸಗಾರರು ಸಿಗರೇಟಿಗೆಂದು ಹೊರಗೆ ಹೋಗುವ ಬಾಗಿಲು ಒಂದು ಇದ್ದೇ ಇರುತ್ತದೆ. ಅದು ಮುಚ್ಚದಂತೆ ಒಂದು ಕುರ್ಚಿ ಅಡ್ಡ ಇಟ್ಟಿರುತ್ತಾರೆ. ಮುಂಬಾಗಿಲಿನ ಮೆಟಲ್ ಡಿಟೆಕ್ಟರ್‌ಗಿಂತ ಆ ಕುರ್ಚಿಯ ಬಗ್ಗೆ ಮೊದಲು ಯೋಚಿಸಿ.

ಅದೇ ಹೋಟೆಲಿನಲ್ಲಿ ಆ ದಿನ ಬೇರೆ ಕಾರ್ಯಕ್ರಮ ಇದೆಯಾ ಎಂದು ಕೇಳಿ. ಎರಡು ಸಭೆಗಳಿಗೆ ಒಂದೇ ಲಿಫ್ಟ್, ಒಂದೇ ಶೌಚಾಲಯ ಇದ್ದರೆ ನಿಮ್ಮ ಪಾಸ್ ವ್ಯವಸ್ಥೆ ಅರ್ಧ ಸೋತಂತೆ. ಸಿಸಿಟಿವಿ ಕೋಣೆಯಲ್ಲಿ ಕುಳಿತು, ಯಾವ ಮೂಲೆ ಕಾಣುವುದಿಲ್ಲ ಎಂದೂ ಗುರುತು ಮಾಡಿಕೊಳ್ಳಿ. 2017ರ ಮೇ 22ರಂದು ಮ್ಯಾಂಚೆಸ್ಟರ್ ಅರೀನಾದಲ್ಲಿ ಬಾಂಬ್ ಸ್ಫೋಟಿಸಿದವನು, ಅದಕ್ಕೆ ಮುಂಚೆ ಕ್ಯಾಮೆರಾ ಕಣ್ಣಿಗೆ ಬೀಳದ ಜಾಗದಲ್ಲಿ ಅಡಗಿದ್ದ. ಸ್ಫೋಟ ಆದದ್ದು ಸಭಾಂಗಣದ ಒಳಗಲ್ಲ, ಹೊರಗಿನ ಪಡಸಾಲೆಯಲ್ಲಿ, ಸಂಗೀತ ಕಾರ್ಯಕ್ರಮ ಮುಗಿದು ಜನ ಹೊರಡುವಾಗ. 22 ಜನ ಸತ್ತರು.

ಇಷ್ಟು ನೋಡಿದ ಮೇಲೆ ಜಾಗವನ್ನು ಮೂರು ಸುತ್ತಾಗಿ ಗುರುತಿಸಿ. ಹೊರಸುತ್ತು ರಸ್ತೆ ಮತ್ತು ಪಾರ್ಕಿಂಗ್. ನಡುಸುತ್ತು ತಪಾಸಣೆ ಮತ್ತು ನೋಂದಣಿ. ಒಳಸುತ್ತು ವೇದಿಕೆಯ ಹಿಂಭಾಗ, ಗಣ್ಯರ ಕೋಣೆ, ಕಂಟ್ರೋಲ್ ರೂಂ. ಒಂದು ಸುತ್ತಿನಿಂದ ಇನ್ನೊಂದಕ್ಕೆ ಹೋಗುವ ಪ್ರತಿ ಬಾಗಿಲಿಗೂ ಒಬ್ಬ ಹೊಣೆಗಾರ ಇರಬೇಕು. ಹೊಣೆಗಾರ ಸಿಗದ ಬಾಗಿಲಿಗೆ ಬೀಗ ಹಾಕಿ. ತುರ್ತು ಬಾಗಿಲಾದರೆ ಬೀಗ ಹಾಕುವಂತಿಲ್ಲ, ಒಳಗಿನಿಂದ ತಳ್ಳಿದರೆ ತೆರೆಯಲೇಬೇಕು. ಅಂಥದ್ದಕ್ಕೆ ಅಲಾರಂ ಹಾಕಿಸಿ.

ಗಣ್ಯರ ನಾಲ್ಕು ಹೆಜ್ಜೆ

2024ರ ಡಿಸೆಂಬರ್ 4ರ ಬೆಳಿಗ್ಗೆ ನ್ಯೂಯಾರ್ಕ್‌ನಲ್ಲಿ ಯುನೈಟೆಡ್‌ಹೆಲ್ತ್‌ಕೇರ್ ಕಂಪನಿಯ ಮುಖ್ಯಸ್ಥ ಬ್ರಯಾನ್ ಥಾಂಪ್ಸನ್ ತಮ್ಮ ಕಂಪನಿಯ ಹೂಡಿಕೆದಾರರ ಸಮಾವೇಶಕ್ಕೆ ನಡೆದು ಹೋಗುತ್ತಿದ್ದರು. ಜೊತೆಗೆ ಅಂಗರಕ್ಷಕರು ಇರಲಿಲ್ಲ. ಸಮಾವೇಶದ ಹೋಟೆಲಿನ ಹೊರಗೆ, ಫುಟ್‌ಪಾತ್ ಮೇಲೆ ಗುಂಡು ಹಾರಿಸಿ ಅವರನ್ನು ಕೊಂದರು. ಸಮಾವೇಶ ಎಲ್ಲಿ, ಯಾವತ್ತು ಎಂಬುದು ಗುಟ್ಟಾಗಿರಲಿಲ್ಲ, ಇಂಥ ಸಭೆಗಳಲ್ಲಿ ಅದು ಗುಟ್ಟಾಗಿರುವುದೂ ಇಲ್ಲ. 1998ರ ಫೆಬ್ರವರಿಯಲ್ಲಿ ಬ್ರಸೆಲ್ಸ್‌ನಲ್ಲಿ ಬಿಲ್ ಗೇಟ್ಸ್ ಮುಖಕ್ಕೆ ಕ್ರೀಮ್ ಕೇಕ್ ಎರಚಿದ್ದೂ ಅವರು ಕಟ್ಟಡದೊಳಗೆ ಕಾಲಿಡುತ್ತಿದ್ದಾಗಲೇ. ಒಂದು ಕೊಲೆ, ಇನ್ನೊಂದು ಕುಚೇಷ್ಟೆ. ಆದರೆ ಎರಡೂ ನಡೆದದ್ದು ಬಾಗಿಲಿನ ಹೊರಗೆ.

ಆದ್ದರಿಂದ ಗಣ್ಯರ ಭದ್ರತೆ ಕಾರ್ಯಕ್ರಮದ ಹೊತ್ತಿಗೆ ಶುರುವಾಗುವುದಲ್ಲ. ಅವರು ಉಳಿದುಕೊಂಡ ಕೋಣೆಯ ಬಾಗಿಲು ತೆರೆದಾಗಲೇ ಶುರು. ಎದುರಿನ ಕಟ್ಟಡದಿಂದ ನಡೆದು ಬರುವುದಾದರೂ ಅದನ್ನು ಒಂದು ಪ್ರಯಾಣ ಎಂದೇ ಲೆಕ್ಕ ಹಾಕಿ. ಒಬ್ಬರು ಹತ್ತು ನಿಮಿಷ ಮುಂಚೆ ಆ ದಾರಿಯಲ್ಲಿ ನಡೆದು ನೋಡಲಿ. ಒಳಗೆ ಬರಲು ಎರಡು ದಾರಿ ಇಟ್ಟುಕೊಳ್ಳಿ, ಯಾವುದನ್ನು ಬಳಸುವುದು ಎಂಬುದನ್ನು ಕೊನೆಯಲ್ಲಿ ತೀರ್ಮಾನಿಸಿ. ಕಾರು ಬಾಗಿಲಿಗೆ ಎಷ್ಟು ಹತ್ತಿರ ಬಂದೀತು ಎಂದು ಮುಂಚೆಯೇ ಓಡಿಸಿ ನೋಡಿ. ನಿಮಿಷ ನಿಮಿಷದ ವೇಳಾಪಟ್ಟಿ ಅಗತ್ಯ ಇದ್ದವರಿಗೆ ಮಾತ್ರ ಹೋಗಲಿ. ಆ ಪಟ್ಟಿ ವಾಟ್ಸ್‌ಆ್ಯಪ್ ಗುಂಪಿಗೆ ಬಿತ್ತೆಂದರೆ ಮುಗಿಯಿತು, ಅದು ಊರಿಗೆಲ್ಲ ಗೊತ್ತಾದಂತೆಯೇ.

ಕೆಲವು ಗಣ್ಯರಿಗೆ ಇದೆಲ್ಲ ಮುಜುಗರ. ‘ನನಗೇನಾಗುತ್ತೆ ಬಿಡ್ರೀ’ ಅನ್ನುತ್ತಾರೆ. ಈ ಮಾತುಕತೆಯನ್ನು ಎರಡು ವಾರ ಮುಂಚೆ ಮುಗಿಸಿಕೊಳ್ಳಿ. ಕಾರಿನ ಬಾಗಿಲಲ್ಲಿ ನಿಂತು ವಾದ ಮಾಡಲಾಗುವುದಿಲ್ಲ.

ಪಾಸು ಮತ್ತು ಪಟ್ಟಿ

ಪಾಸಿನಲ್ಲಿ ಫೋಟೊ ಇರಲಿ, ಹೆಸರು ದೊಡ್ಡದಾಗಿರಲಿ, ಯಾವ ಸುತ್ತಿಗೆ ಹೋಗಬಹುದು ಎಂಬುದು ಬಣ್ಣದಲ್ಲೇ ದೂರದಿಂದ ಕಾಣಲಿ. ಕ್ಯೂಆರ್ ಕೋಡ್‌ನ ಚಿತ್ರ ತೆಗೆದು ಯಾರು ಯಾರಿಗೆ ಬೇಕಾದರೂ ಕಳಿಸಬಹುದು. ಹಾಗಾಗಿ ಒಮ್ಮೆ ಸ್ಕ್ಯಾನ್ ಆದ ಕೋಡ್ ಮತ್ತೆ ಬಂದರೆ ಯಂತ್ರ ತಡೆಯಬೇಕು. ಜೊತೆಗೆ ಗುರುತಿನ ಚೀಟಿ ನೋಡಬೇಕು.

ಅತಿಥಿಗಳಿಗಿಂತ ಕಷ್ಟ ಕೆಲಸಗಾರರ ಪಟ್ಟಿ. ಊಟ ಬಡಿಸುವವರು, ಹೂವಿನವರು, ವಿಡಿಯೊದವರು ಕೊನೇ ಗಳಿಗೆಯಲ್ಲಿ ಬದಲಾಗುತ್ತಲೇ ಇರುತ್ತಾರೆ. ಮೂರು ದಿನ ಮುಂಚೆ ಹೆಸರುಗಳ ಪಟ್ಟಿ ಮುಚ್ಚಿ. ಆಮೇಲೆ ಬರುವ ಹೆಸರನ್ನು ಒಪ್ಪುವ ಅಧಿಕಾರ ಒಬ್ಬರಿಗೇ ಇರಲಿ. ಕೈಯಲ್ಲಿ ಏಣಿಯೋ ವೈರಿನ ಸುರುಳಿಯೋ ಹಿಡಿದು ಅವಸರದಲ್ಲಿ ನಡೆಯುವವನನ್ನು ಯಾರೂ ತಡೆಯುವುದಿಲ್ಲ. ನಿಮ್ಮ ಗಾರ್ಡ್‌ಗಳಿಗೆ ಇದೊಂದನ್ನು ಕಲಿಸಿದರೂ ಲಾಭ.

ಹೆಸರು ಸಿಗದ ಅತಿಥಿಗೆ ಬೇರೆಯೇ ಮೇಜು ಇಡಿ. ಸರದಿಯ ತಲೆಯಲ್ಲಿ ವಾದ ನಡೆದರೆ ಹಿಂದಿನ ನೂರು ಜನ ನಿಲ್ಲಬೇಕಾಗುತ್ತದೆ. ಹಿಂದಿನವರು ಗೊಣಗಲು ಶುರು ಮಾಡಿದರೆ ಗಾರ್ಡ್ ‘ಹೋಗ್ಲಿ ಬಿಡಿ’ ಅಂತ ಒಳಗೆ ಕಳಿಸಿಬಿಡುತ್ತಾನೆ.

ಸರದಿಯ ಲೆಕ್ಕ

ಇದನ್ನು ಮಾತ್ರ ಕ್ಯಾಲ್ಕ್ಯುಲೇಟರ್ ಹಿಡಿದೇ ಮಾಡಿ. 1,200 ಅತಿಥಿಗಳು ಎಂದುಕೊಳ್ಳೋಣ. ಅವರಲ್ಲಿ ನೂರಕ್ಕೆ 70ರಷ್ಟು ಜನ ಕೊನೆಯ ಅರ್ಧ ಗಂಟೆಯಲ್ಲಿ ಬರುತ್ತಾರೆ ಎಂದಿಟ್ಟುಕೊಂಡರೆ 840 ಜನ. ಒಬ್ಬರ ತಪಾಸಣೆಗೆ 10 ಸೆಕೆಂಡ್ ಹಿಡಿದರೆ ಒಂದು ಸಾಲಿನಲ್ಲಿ ನಿಮಿಷಕ್ಕೆ 6, ಅರ್ಧ ಗಂಟೆಗೆ 180 ಜನ. ಅಂದರೆ ಐದು ಸಾಲು ಬೇಕು. ಯಂತ್ರ ಕೆಟ್ಟರೆ ಇರಲಿ ಎಂದು ಆರನೆಯದು. ಚೀಲ ತೆರೆದು ನೋಡುವುದಾದರೆ 10 ಸೆಕೆಂಡ್ 20 ಆಗುತ್ತದೆ, ಸಾಲುಗಳೂ ಎರಡರಷ್ಟಾಗುತ್ತವೆ. ‘ದೊಡ್ಡ ಚೀಲ ತರಬೇಡಿ’ ಎಂದು ಆಹ್ವಾನದಲ್ಲೇ ಬರೆಯುವುದು ಎಷ್ಟೋ ಅಗ್ಗದ ಉಪಾಯ.

ಸರದಿ ಬೇಗ ಕರಗುವುದು ಅತಿಥಿಗಳ ಅನುಕೂಲಕ್ಕೆ ಮಾತ್ರವಲ್ಲ. ತಪಾಸಣೆಯ ಹೊರಗೆ ದಟ್ಟವಾಗಿ ನಿಂತ ಜನರೇ ಒಂದು ಗುರಿ. ಸರದಿಯನ್ನು ವಾಹನ ನುಗ್ಗಲಾಗದ ಕಡೆ ನಿಲ್ಲಿಸಿ.

ಹೊರಗೆ ಹೋಗುವ ದಾರಿ

ಜನ ತಾವು ಒಳಗೆ ಬಂದ ಬಾಗಿಲಿನಿಂದಲೇ ಹೊರಗೆ ಓಡಲು ನೋಡುತ್ತಾರೆ. 2003ರ ಫೆಬ್ರವರಿಯಲ್ಲಿ ಅಮೆರಿಕದ ರೋಡ್ ಐಲೆಂಡ್‌ನ ಸ್ಟೇಷನ್ ನೈಟ್‌ಕ್ಲಬ್‌ಗೆ ಬೆಂಕಿ ಬಿದ್ದಾಗ ಹೆಚ್ಚಿನವರು ಮುಂಬಾಗಿಲಿಗೇ ಮುಗಿಬಿದ್ದರು. ಬೇರೆ ಬಾಗಿಲುಗಳಿದ್ದವು. 100 ಜನ ಸತ್ತರು. ಕಾರ್ಯಕ್ರಮದ ಶುರುವಿನಲ್ಲಿ ‘ತುರ್ತು ಬಾಗಿಲು ಇಲ್ಲಿವೆ’ ಎಂದು ನಿರೂಪಕರು ಕೈತೋರಿಸಿ ಹೇಳುವುದು ಸುಮ್ನೆ ಶಾಸ್ತ್ರಕ್ಕಲ್ಲ.

ಬ್ರಿಟನ್ನಿನ ಕ್ರೀಡಾಂಗಣ ಸುರಕ್ಷತೆಯ ‘ಗ್ರೀನ್ ಗೈಡ್’ ಪ್ರಕಾರ ಸಮತಟ್ಟಾದ ದಾರಿಯಲ್ಲಿ ಒಂದು ಮೀಟರ್ ಅಗಲಕ್ಕೆ ನಿಮಿಷಕ್ಕೆ ಹೆಚ್ಚೆಂದರೆ 82 ಜನ ಹೋಗಬಹುದು. ಮೆಟ್ಟಿಲಾದರೆ 66. ನಿಮ್ಮ ಸಭಾಂಗಣಕ್ಕೆ 1.2 ಮೀಟರಿನ ನಾಲ್ಕು ಬಾಗಿಲಿದ್ದರೆ 1,200 ಜನರಿಗೆ ಸುಮಾರು ಮೂರು ನಿಮಿಷ ಸಾಕು. ಈಗ ಒಂದು ಬಾಗಿಲಿನ ಬಳಿಯೇ ಬೆಂಕಿ ಇದೆ ಎಂದುಕೊಂಡು ಮತ್ತೆ ಲೆಕ್ಕ ಹಾಕಿ. ನಾಲ್ಕು ನಿಮಿಷ ದಾಟುತ್ತದೆ. ಅದೂ ಯಾರೂ ಎಡವದೆ, ದಾರಿಯಲ್ಲಿ ಒಂದೂ ಬ್ಯಾನರ್ ಕಂಬ ಇಲ್ಲದೆ. ಅಲಂಕಾರದವರು ಕಟ್ಟಿದ ಪರದೆ ತುರ್ತು ಬಾಗಿಲನ್ನು ಮುಚ್ಚಿರುವುದು ಎಷ್ಟು ಸಾಮಾನ್ಯ ಎಂದರೆ, ಹಿಂದಿನ ರಾತ್ರಿ ನೀವೇ ಒಂದು ಸುತ್ತು ಹಾಕಿ ನೋಡಲೇಬೇಕು.

ನಿಂತ ಜನರ ದಟ್ಟಣೆಯ ಮೇಲೂ ಕಣ್ಣಿಡಿ. ಒಂದು ಚದರ ಮೀಟರಿಗೆ ನಾಲ್ಕು ಜನ ದಾಟಿದರೆ ಎಚ್ಚರ. ಆರು ಏಳಕ್ಕೆ ಹೋದರೆ ಯಾರ ನಡಿಗೆಯೂ ಅವರ ಕೈಯಲ್ಲಿರುವುದಿಲ್ಲ. ಇಂಥ ಕಡೆ ಜನ ಸಾಯುವುದು ಹೆಚ್ಚಾಗಿ ಕಾಲ್ತುಳಿತದಿಂದಲ್ಲ, ನಿಂತಲ್ಲೇ ಉಸಿರಾಡಲಾಗದೆ.

ಮಾಹಿತಿಯ ಕಾವಲು

2014ರಲ್ಲಿ ಸೈಬರ್ ಭದ್ರತಾ ಸಂಸ್ಥೆ ಕ್ಯಾಸ್ಪರ್‌ಸ್ಕಿ ‘ಡಾರ್ಕ್‌ಹೋಟೆಲ್’ ಎಂಬ ದಾಳಿಯನ್ನು ಬಯಲು ಮಾಡಿತು. ಐಷಾರಾಮಿ ಹೋಟೆಲುಗಳ ವೈ-ಫೈಗೆ ಸೇರಿದ ಕಂಪನಿ ಅಧಿಕಾರಿಗಳಿಗೆ ಸಾಫ್ಟ್‌ವೇರ್ ಅಪ್‌ಡೇಟ್ ಎಂದು ತೋರಿಸಿ ಕಳ್ಳ ಪ್ರೋಗ್ರಾಂ ಹಾಕುತ್ತಿದ್ದರು. ವೇದಿಕೆಯ ಕೆಲಸಕ್ಕೆ ಬೇರೆಯೇ ನೆಟ್‌ವರ್ಕ್ ಇರಲಿ, ಅತಿಥಿಗಳದ್ದು ಬೇರೆ. ಬಿಡುಗಡೆಗೆ ಮುಂಚಿನ ಸ್ಲೈಡುಗಳು ಒಂದೇ ಲ್ಯಾಪ್‌ಟಾಪಿನಲ್ಲಿರಲಿ, ಊಟದ ಹೊತ್ತಿನಲ್ಲೂ ಅದರ ಪಕ್ಕ ಒಬ್ಬರು ಇರಲಿ. ಮುಚ್ಚಿದ ಬಾಗಿಲಿನ ಸಭೆಗೆ ಹಳೇ ಕಾಲದ ವೈರ್‌ಲೆಸ್ ಮೈಕ್ ಬೇಡ. ಎನ್‌ಕ್ರಿಪ್ಷನ್, ಅಂದರೆ ಮಾತನ್ನು ಗುಪ್ತ ಸಂಕೇತಕ್ಕೆ ಬದಲಿಸುವ ವ್ಯವಸ್ಥೆ, ಇಲ್ಲದ ಮೈಕಿನ ಮಾತನ್ನು ಪಕ್ಕದ ಕೋಣೆಯಲ್ಲಿ ರಿಸೀವರ್ ಇಟ್ಟು ಕೇಳಬಹುದು.

ನಿಲ್ಲಿಸುವವರು ಯಾರು?

ಯೋಜನೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಾಲು ಇದು: ಕಾರ್ಯಕ್ರಮವನ್ನು ನಿಲ್ಲಿಸುವ ಅಧಿಕಾರ ಯಾರಿಗಿದೆ? ಇಲ್ಲಿ ಹುದ್ದೆ ಬರೆದರೆ ಸಾಲದು. ಹೆಸರು, ಫೋನ್, ಅವರಿಲ್ಲದಿದ್ದರೆ ಯಾರು ಎಂಬುದೂ ಬೇಕು. 2021ರ ನವೆಂಬರ್ 5ರಂದು ಹ್ಯೂಸ್ಟನ್‌ನ ಆಸ್ಟ್ರೋವರ್ಲ್ಡ್ ಉತ್ಸವದಲ್ಲಿ, ಸಾಮೂಹಿಕ ಅನಾಹುತ ಆಗಿದೆ ಎಂದು ಅಧಿಕಾರಿಗಳು ಘೋಷಿಸಿದ ಮೇಲೂ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಹಾಡು ನಡೆದೇ ಇತ್ತು. ನೂಕುನುಗ್ಗಲಿಗೆ 10 ಜನ ಬಲಿಯಾದರು. ನಿರ್ಧಾರ ಮಾಡುವವರನ್ನು ಕಂಟ್ರೋಲ್ ರೂಮಿನಲ್ಲೇ ಕೂರಿಸಿ. ಮೊದಲ ಸಾಲಿನಲ್ಲಿ ಗಣ್ಯರ ಪಕ್ಕ ಕುಳಿತವರಿಗೆ ವಾಕಿಟಾಕಿ ಕೇಳಿಸುವುದಿಲ್ಲ.

ಕೆಳಗಿನಿಂದ ಮೇಲಕ್ಕೆ ಸುದ್ದಿ ಹೋಗುವ ದಾರಿಯೂ ಅಷ್ಟೇ ಮುಖ್ಯ. ಮ್ಯಾಂಚೆಸ್ಟರ್‌ನಲ್ಲಿ ಬಾಂಬ್ ಸ್ಫೋಟಿಸಿದವನ ಮೇಲೆ ಮುಂಚೆಯೇ ಒಬ್ಬ ಪೋಷಕರಿಗೆ ಅನುಮಾನ ಬಂದಿತ್ತು, ಸಿಬ್ಬಂದಿಗೆ ಹೇಳಿದ್ದರು ಕೂಡ. ಒಬ್ಬ ಗಾರ್ಡ್ ರೇಡಿಯೊದಲ್ಲಿ ತಿಳಿಸಲು ನೋಡಿದ, ಲೈನ್ ಸಿಗಲಿಲ್ಲ. ಅದಕ್ಕೇ ತುರ್ತು ಮಾತಿಗೆಂದೇ ಒಂದು ಚಾನೆಲ್ ಖಾಲಿ ಇಡಿ. ಪಾರ್ಕಿಂಗ್‌ನವರ ಹರಟೆಗೆ ಬೇರೆ ಚಾನೆಲ್ ಕೊಡಿ. ಲೈನ್ ಸಿಗದಿದ್ದರೆ ಓಡಿ ಬಂದು ಹೇಳಬೇಕು, ಹೇಳಿದ್ದಕ್ಕೆ ಯಾರೂ ಬೈಯುವುದಿಲ್ಲ ಎಂದು ಬೆಳಗಿನ ಸಭೆಯಲ್ಲೇ ಎಲ್ಲರಿಗೂ ತಿಳಿಸಿ.

ವೈದ್ಯಕೀಯ ತಂಡ, ಹೃದಯಕ್ಕೆ ಶಾಕ್ ಕೊಡುವ ಎಇಡಿ ಯಂತ್ರ ಎರಡೂ ಸಭಾಂಗಣದ ಹತ್ತಿರವೇ ಇರಲಿ. ಹೃದಯ ನಿಂತ ಮೇಲೆ ಎದೆ ಒತ್ತುವವರೂ ಇಲ್ಲದಿದ್ದರೆ, ಒಂದೊಂದು ನಿಮಿಷ ತಡವಾದಂತೆ ಬದುಕುವ ಸಾಧ್ಯತೆ ನೂರಕ್ಕೆ 7ರಿಂದ 10ರಷ್ಟು ಇಳಿಯುತ್ತದೆ. ಆಂಬುಲೆನ್ಸ್ ನಿಲ್ಲುವ ಜಾಗದಲ್ಲಿ ಗಣ್ಯರ ಕಾರು ನಿಲ್ಲಬಾರದು. ನಿಂತೇ ನಿಲ್ಲುತ್ತದೆ, ಅಲ್ವಾ? ಒಬ್ಬರನ್ನು ಅದಕ್ಕೆಂದೇ ಕಾವಲಿಡಿ.

ಹಿಂದಿನ ದಿನ ಎಲ್ಲ ಮುಖ್ಯಸ್ಥರನ್ನು ಮೇಜಿನ ಸುತ್ತ ಕೂರಿಸಿ ಮೂರು ಪ್ರಶ್ನೆ ಕೇಳಿ. ಭಾಷಣದ ನಡುವೆ ಒಬ್ಬ ವೇದಿಕೆ ಹತ್ತಿದ, ಏನು ಮಾಡುತ್ತೀರಿ? ವಾರಸುದಾರರಿಲ್ಲದ ಚೀಲ ಸಿಕ್ಕಿತು, ಯಾರಿಗೆ ಹೇಳುತ್ತೀರಿ? ಕರೆಂಟು ಹೋಯಿತು, ಜನರಿಗೆ ಯಾವುದರಲ್ಲಿ ಮಾತಾಡುತ್ತೀರಿ? ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರೆ ಅಲ್ಲಿ ಕೆಲಸ ಬಾಕಿ ಇದೆ ಎಂದರ್ಥ.

ಗಾರ್ಡ್ ಲೆಕ್ಕ, ಕೊನೆಗೂ

ಈಗ ಬಾಗಿಲು, ಸಾಲು, ಸುತ್ತುಗಳನ್ನು ಎಣಿಸಿ. ಪ್ರತಿ ಜಾಗಕ್ಕೆ ಒಬ್ಬರು, ವಿರಾಮಕ್ಕೆ ಬದಲಿ ಜನ, ಜೊತೆಗೆ ಎಲ್ಲಿ ಬೇಕಾದರೂ ಓಡಬಲ್ಲ ಒಂದು ಚಿಕ್ಕ ತಂಡ. ದೊಡ್ಡ ಸಭೆಗಳಲ್ಲಿ 250 ಜನರಿಗೆ ಒಬ್ಬರಂತೆ, ಜನಸಂದಣಿ ನಿಭಾಯಿಸಲು ತರಬೇತಿ ಪಡೆದವರು ಇರಬೇಕು ಎಂದು ಅಮೆರಿಕದ ಎನ್‌ಎಫ್‌ಪಿಎ ಅಗ್ನಿಸುರಕ್ಷತಾ ಸಂಹಿತೆ ಹೇಳುತ್ತದೆ. ಅದು ಗಾರ್ಡ್‌ಗಳ ಲೆಕ್ಕದಿಂದ ಬೇರೆ. ಪೊಲೀಸರು ಮತ್ತು ಅಗ್ನಿಶಾಮಕದವರಿಗೆ ಯೋಜನೆಯ ಪ್ರತಿ ಮುಂಚೆಯೇ ಸಿಗಲಿ.

ವಂದನಾರ್ಪಣೆ ಮುಗಿಯುತ್ತಿದ್ದಂತೆ ಗಾರ್ಡ್‌ಗಳು ಸಡಿಲವಾಗುತ್ತಾರೆ, ಕೆಲವರು ಊಟಕ್ಕೆ ಹೊರಡುತ್ತಾರೆ. ಅದಕ್ಕೆ ಬಿಡಬೇಡಿ. ಕೊನೆಯ ಅತಿಥಿಯ ಕಾರು ಗೇಟ್ ದಾಟುವ ತನಕ ಹೊರಸುತ್ತು ಹಾಗೇ ಇರಬೇಕು. ಆಮೇಲೆ ಪಾಸುಗಳನ್ನು ವಾಪಸ್ ಪಡೆಯಿರಿ, ಮೇಜಿನ ಮೇಲೆ ಉಳಿದ ಕಾಗದಗಳನ್ನು ಹರಿದು ಹಾಕಿ, ಬಾಡಿಗೆ ಕಂಪ್ಯೂಟರುಗಳಿಂದ ಫೈಲುಗಳನ್ನು ಅಳಿಸಿ. ಅತಿಥಿಗಳ ಹೆಸರು, ಫೋಟೊ, ಫೋನ್ ನಂಬರ್ ಇರುವ ಪಟ್ಟಿಯನ್ನು ಯಾವ ದಿನ ಅಳಿಸಬೇಕು, ಯಾರು ಅಳಿಸಬೇಕು ಎಂಬುದೂ ಯೋಜನೆಯಲ್ಲೇ ಬರೆದಿರಲಿ.