ಹಣ್ಣಿಗಿಂತ ಕಾಗದವನ್ನೇ ಜಾಸ್ತಿ ನೋಡಿದೆ

ಹಣ್ಣಿನ ಚಿತ್ರ ಕಂಡ ಕೂಡಲೇ ಒಳಾರ್ಥ ಹುಡುಕಲು ಹೊರಡುವುದು ನನಗೆ ಹಿಡಿಸುವುದಿಲ್ಲ. ಕೊಳೆತ ಹಣ್ಣು ಅಂದ್ರೆ ಸಾವು ಅನ್ನೋದು 17ನೇ ಶತಮಾನದ ಡಚ್ ಚಿತ್ರಗಳಿಗೆ ಸರಿ, ಬೆಳಕು-ಬಣ್ಣಗಳ ಆಟವನ್ನು ಹಿಡಿಯಲು ಹೊರಟ 19ನೇ ಶತಮಾನದ ಫ್ರೆಂಚ್ ಚಿತ್ರಕಾರರ, ಅಂದ್ರೆ ಇಂಪ್ರೆಷನಿಸ್ಟರ ಹತ್ತಿರ ಅದರಿಂದ ಜಾಸ್ತಿ ಏನೂ ಗಿಟ್ಟುವುದಿಲ್ಲ.

ಹಾಗಾಗಿ ಅವರಲ್ಲೊಬ್ಬನಾದ ಗುಸ್ತಾವ್ ಕೈಬೊತ್‌ ಬರೆದ ಹಣ್ಣಿನ ಚಿತ್ರ ನೋಡಲು ಕೂತಾಗ ಮೊದಲು ಸುಮ್ನೆ ಪಟ್ಟಿ ಮಾಡಿದೆ. 1881-82ರ ಸುಮಾರಿನ ಚಿತ್ರ, ಈಗ ಬಾಸ್ಟನ್ನಿನ ಮ್ಯೂಸಿಯಂ ಆಫ್ ಫೈನ್ ಆರ್ಟ್ಸ್‌ನಲ್ಲಿದೆ. ಕಿತ್ತಳೆ, ಸೇಬು, ಪೇರ್, ಅಂಜೂರ, ಜೊತೆಗೆ ಟೊಮೆಟೊ. ಆಮೇಲೆ ಏನೇನು ಇಲ್ಲ ಅಂತ ಇನ್ನೊಂದು ಪಟ್ಟಿ: ಮೇಜಿಲ್ಲ, ಚಾಕು ಇಲ್ಲ, ತಟ್ಟೆ ಇಲ್ಲ, ಸಿಪ್ಪೆ ಸುಲಿದ ಒಂದು ಹಣ್ಣೂ ಇಲ್ಲ. ನನಗೆ ಕೆಲಸಕ್ಕೆ ಬಂದದ್ದು ಈ ಎರಡನೇ ಪಟ್ಟಿಯೇ.

ಇದನ್ನೆಲ್ಲ ಜೋಡಿಸಿದ್ದು ಯಾರು ಅಂತ ಕೇಳಿಕೊಂಡೆ. ಅದೇ ಕಾಲದ ಇನ್ನೊಬ್ಬ ಫ್ರೆಂಚ್ ಚಿತ್ರಕಾರ ಸೆಜಾನ್ ತನ್ನ ಸೇಬುಗಳನ್ನು ತಾನೇ ಮೇಜಿನ ಮೇಲೆ ಇಟ್ಟುಕೊಳ್ಳುತ್ತಿದ್ದ. ಇಲ್ಲಿರುವುದು ಅಂಗಡಿಯವನ ಕೈಚಳಕ. ಒಂದೊಂದು ಬಗೆಗೆ ಒಂದೊಂದು ಜಾಗ, ನಡುವೆ ಕಾಗದ, ಗಿರಾಕಿಯ ಕಣ್ಣಿಗೆ ಬೀಳಲಿ ಅಂತ ಮುಂದಕ್ಕೆ ವಾಲಿದ ಸಾಲುಗಳು, ನಮ್ಮ ಹಣ್ಣಂಗಡಿಗಳಲ್ಲೂ ಹೀಗೇ ಅಲ್ವಾ? ಅಂದರೆ ಇದು ಊಟದ ಮನೆಯ ಚಿತ್ರವೇ ಅಲ್ಲ, ಪ್ಯಾರಿಸ್ ಬೀದಿಯ ಚಿತ್ರ. ಮಳೆಯಲ್ಲಿ ಕೊಡೆ ಹಿಡಿದು ನಡೆಯುವ ಪ್ಯಾರಿಸ್ ಜನರನ್ನು 1877ರಲ್ಲಿ ಬರೆದವನೂ ಈತನೇ.

ಜಾಸ್ತಿ ಹೊತ್ತು ಹೋದದ್ದು ಕಾಗದ ನೋಡುವುದರಲ್ಲಿ. ದೊಡ್ಡದು ಮಾಡಿ ನೋಡಿದರೆ ಅದು ಅಪ್ಪಟ ಬಿಳಿಯಲ್ಲ, ಮಡಿಕೆಗಳ ನೆರಳಲ್ಲಿ ನೀಲಿ ಇದೆ. ನೀಲಿ-ಕಿತ್ತಳೆಯಂಥ ಎದುರು ಬಣ್ಣಗಳನ್ನು ಪಕ್ಕಪಕ್ಕ ಇಟ್ಟರೆ ಒಂದನ್ನೊಂದು ಎತ್ತಿ ತೋರಿಸುತ್ತವೆ ಅಂತ ಶೆವ್ರಲ್ ಎಂಬ ಫ್ರೆಂಚ್ ರಸಾಯನ ವಿಜ್ಞಾನಿ 1839ರಲ್ಲೇ ಬರೆದಿದ್ದ. ಅದನ್ನು ಓದಿ ತಲೆಯಾಡಿಸುವ ಬದಲು ಕಿತ್ತಳೆಯ ಸುತ್ತಲಿನ ನೀಲಿಯನ್ನು ಕಾಗದದ ಚೂರಿನಿಂದ ಮುಚ್ಚಿ ನೋಡಿದೆ. ಹಣ್ಣು ಸಪ್ಪೆಯಾಯಿತು. ತೆಗೆದೆ, ಮತ್ತೆ ಹೊಳೆಯಿತು. ನೀವೂ ಮಾಡಿ ನೋಡಿ, ಖರ್ಚೇನಿಲ್ಲ.

ಕಲಾವಿದನ ಬದುಕಿನ ಬಗ್ಗೆ ನಾನು ಕೊನೆಗೆ ಓದುತ್ತೇನೆ, ಇಲ್ಲದಿದ್ದರೆ ಓದಿದ್ದೇ ಚಿತ್ರದಲ್ಲೂ ಕಾಣತೊಡಗುತ್ತದೆ. ಕೈಬೊತ್ ಸಿರಿವಂತ. ಮೊನೆ, ರೆನ್ವಾ ಅವರ ಚಿತ್ರಗಳನ್ನು ಕೊಂಡು ಗೆಳೆಯರಿಗೆ ನೆರವಾದವನು, ತನ್ನ ಚಿತ್ರ ಮಾರಿ ಬದುಕಬೇಕಾದ ಕಷ್ಟ ಇರಲಿಲ್ಲ. ಹಣ್ಣನ್ನು ಆತ ಕೊಳ್ಳುವವನ ಕಣ್ಣಿಂದ ನೋಡಿದ ಅನ್ನೋದು ನನ್ನ ಓದು. ಇದಕ್ಕೆ ಆಧಾರ ಚಿತ್ರದಲ್ಲೇ ಇದೆ: ನಮ್ಮನ್ನು ಆತ ನಿಲ್ಲಿಸಿರುವುದು ಗಿರಾಕಿ ನಿಲ್ಲುವ ಜಾಗದಲ್ಲಿ, ಅಂಗಡಿಯವನಂತೂ ಎಲ್ಲೂ ಕಾಣುವುದಿಲ್ಲ.